ಅರ್ಧ ಹೆಜ್ಜೆ ಎಡಕ್ಕೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವ ಕ್ಯಾಮೆರಾ ಹಿಡಿದು ಹೋದವರಲ್ಲಿ ಹೆಚ್ಚಿನವರು ಒಂದೇ ಬಗೆಯ ನಿರಾಸೆಯೊಂದಿಗೆ ಮನೆಗೆ ಮರಳುತ್ತಾರೆ. ಅಲ್ಲಿ ನಿಂತಾಗ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಸೇವಂತಿಗೆ ರಾಶಿಯ ಹಿಂದೆ ಕೂತ ಹೆಂಗಸು, ಮಾರು ಹಾಕಿ ಅಳೆಯುವ ಆಕೆಯ ಕೈ, ಗಿರಾಕಿಯ ಕಡೆ ಎತ್ತಿದ ಮುಖ. ಮನೆಗೆ ಬಂದು ಚಿತ್ರ ತೆರೆದರೆ ಆಕೆ ಎಲ್ಲಿದ್ದಾಳೆಂದು ಹುಡುಕಬೇಕು. ತಲೆಯ ಮೇಲಿಂದ ಒಂದು ಕಂಬ ಎದ್ದಿದೆ, ನೀಲಿ ಟಾರ್ಪಾಲಿನ ಹಗ್ಗ ಕೆನ್ನೆಯ ಮೇಲೆ ಹಾದಿದೆ, ಎಡಗಡೆ ಯಾರದೋ ಅರ್ಧ ಬೆನ್ನು, ಬಲಗಡೆ ಸ್ಕೂಟರಿನ ಹಿಂಚಕ್ರ. ಈ ಕಂಬ, ಹಗ್ಗ, ಬೆನ್ನು, ಚಕ್ರ ಆಗಲೂ ಅಲ್ಲಿಯೇ ಇದ್ದವು. ನೋಡಿದವರಿಗೆ ಕಾಣಲಿಲ್ಲ, ಅಷ್ಟೆ.

ಅವು ಏಕೆ ಕಾಣಲಿಲ್ಲ ಎನ್ನುವುದು ತಿಳಿದರೆ ಬೀದಿ ಛಾಯಾಗ್ರಹಣದ ಅರ್ಧ ಪಾಠ ಮುಗಿದಂತೆ. ಸಂಯೋಜನೆಯ ಬಗ್ಗೆ ಪುಸ್ತಕಗಳು ಹೇಳುವ ಸೂತ್ರಗಳನ್ನು ಉರು ಹೊಡೆಯುವುದಕ್ಕಿಂತ ಕಣ್ಣು ಮಿದುಳುಗಳ ಕೆಲಸವನ್ನು ಅರಿಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನಾನು ನಂಬಿದ್ದೇನೆ.

ನಮ್ಮ ರೆಟಿನಾದಲ್ಲಿ ಸೂಕ್ಷ್ಮ ವಿವರಗಳನ್ನು ಹಿಡಿಯಬಲ್ಲ ಭಾಗ ತೀರ ಚಿಕ್ಕದು. ಫೋವಿಯಾ ಎಂಬ ಆ ಕುಳಿಯ ನೋಟ ಸುಮಾರು ಎರಡು ಡಿಗ್ರಿಯಷ್ಟು ಅಗಲ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಉಗುರು ಆವರಿಸುವಷ್ಟು ಜಾಗ. ಅದರಿಂದ ಆಚೆಗೆ ಸರಿದಂತೆಲ್ಲ ದೃಷ್ಟಿ ಬೇಗ ಮಸುಕಾಗುತ್ತದೆ. ಇಡೀ ದೃಶ್ಯ ಸ್ಪಷ್ಟವಾಗಿದೆ ಎಂದು ಅನ್ನಿಸುವುದಕ್ಕೆ ಕಾರಣ, ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅಲ್ಲಿಂದಿಲ್ಲಿಗೆ ನೆಗೆಯುತ್ತ, ಬೇಕಾದ ಜಾಗಗಳನ್ನು ಮಾತ್ರ ಆಯುತ್ತಿರುತ್ತದೆ. ಹೂವಿನವಳ ಮುಖ, ಕೈ, ಮತ್ತೆ ಮುಖ. ಆಯ್ಕೆಯಾಗದ್ದು ಗಮನಕ್ಕೇ ಬರುವುದಿಲ್ಲ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟಫರ್ ಶಬ್ರಿ ನಡೆಸಿದ ಪ್ರಯೋಗ ಈಗ ಬಹಳ ಜನರಿಗೆ ಗೊತ್ತು. ವಿಡಿಯೊದಲ್ಲಿ ಚೆಂಡು ಎಷ್ಟು ಸಲ ಕೈ ಬದಲಾಯಿಸಿತು ಎಂದು ಎಣಿಸಲು ಹೇಳಿದರು. ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ, ಆಟಗಾರರ ನಡುವೆ ನಿಧಾನವಾಗಿ ನಡೆದುಹೋದ ಗೊರಿಲ್ಲಾ ವೇಷವನ್ನೇ ಕಾಣಲಿಲ್ಲ. ಗೊರಿಲ್ಲಾ ತಪ್ಪಿಸಿಕೊಳ್ಳುವಾಗ ಕಂಬ ತಪ್ಪಿಸಿಕೊಳ್ಳುವುದು ಯಾವ ಲೆಕ್ಕ!

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನಮಗೆ ಎರಡು ಕಣ್ಣು. ಒಂದಕ್ಕೊಂದು ಸುಮಾರು ಆರೂವರೆ ಸೆಂಟಿಮೀಟರ್ ದೂರದಲ್ಲಿರುವ ಈ ಕಣ್ಣುಗಳಲ್ಲಿ ಮೂಡುವ ಬಿಂಬಗಳು ಒಂದಿಷ್ಟು ಬೇರೆ ಬೇರೆ. ಆ ವ್ಯತ್ಯಾಸದಿಂದ ಮಿದುಳು ಹತ್ತಿರದ್ದನ್ನೂ ದೂರದ್ದನ್ನೂ ಬೇರ್ಪಡಿಸುತ್ತದೆ. ಸಾಲದ್ದಕ್ಕೆ ತಲೆ ಯಾವಾಗಲೂ ಸ್ವಲ್ಪ ಅಲುಗುತ್ತಿರುತ್ತದೆ. ಅಲುಗಿದಾಗ ಹತ್ತಿರದ ಮುಖ ಹೆಚ್ಚು ಸರಿಯುತ್ತದೆ, ದೂರದ ಕಂಬ ಕಡಿಮೆ ಸರಿಯುತ್ತದೆ. ಹೀಗೆ ಹೂವಿನವಳು ಹಿನ್ನೆಲೆಯಿಂದ ಕಳಚಿಕೊಂಡು ಎದ್ದು ನಿಲ್ಲುತ್ತಾಳೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಆ ಕಣ್ಣೂ ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ ಮಾತ್ರ ತೆರೆದು ಮುಚ್ಚುತ್ತದೆ. ಮುಖವೂ ಕಂಬವೂ ಒಂದೇ ಕಾಗದದ ಮೇಲೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಮಿದುಳು ಸದ್ದಿಲ್ಲದೆ ಮಾಡಿಕೊಡುತ್ತಿದ್ದ ವಿಂಗಡಣೆಯನ್ನು ಈಗ ಛಾಯಾಗ್ರಾಹಕ ತನ್ನ ಕಾಲು, ಮೊಣಕಾಲು, ಬೆಳಕಿನ ಅಳತೆ ಮತ್ತು ಕಾಯುವಿಕೆಯಿಂದ ಮಾಡಬೇಕಾಗುತ್ತದೆ. ಬೀದಿಯ ಚಿತ್ರಕ್ಕೆ ಬೇಕಾದ ಸಂಯೋಜನೆ ಬಹುಮಟ್ಟಿಗೆ ಇಷ್ಟೇ.

ಕಾಲಿನಿಂದಲೇ ಶುರು ಮಾಡೋಣ. ಒಬ್ಬ ವ್ಯಕ್ತಿ ನಿಮ್ಮಿಂದ ಮೂರು ಮೀಟರ್ ದೂರದಲ್ಲಿ ನಿಂತಿದ್ದಾನೆ, ಅವನ ತಲೆಯ ಹಿಂದೆ ಸರಿಯಾಗಿ ಒಂದು ದೀಪದ ಕಂಬ, ನಿಮ್ಮಿಂದ ಹತ್ತು ಮೀಟರ್ ದೂರದಲ್ಲಿ. ಮೂರು ಮೀಟರ್ ದೂರದ ತಲೆ ನಿಮ್ಮ ನೋಟದಲ್ಲಿ ಸುಮಾರು ಮೂರು ಡಿಗ್ರಿ ಅಗಲವಾಗಿ ಕಾಣುತ್ತದೆ. ನೀವು ಮೂವತ್ತು ಸೆಂಟಿಮೀಟರ್, ಅಂದರೆ ಅರ್ಧ ಹೆಜ್ಜೆ ಎಡಕ್ಕೆ ಸರಿಯಿರಿ. ಆ ವ್ಯಕ್ತಿಯ ದಿಕ್ಕು ಸುಮಾರು ಆರು ಡಿಗ್ರಿ ಬದಲಾಗುತ್ತದೆ, ಕಂಬದ ದಿಕ್ಕು ಎರಡು ಡಿಗ್ರಿಗೂ ಕಡಿಮೆ. ಎರಡರ ನಡುವಿನ ವ್ಯತ್ಯಾಸ ನಾಲ್ಕು ಡಿಗ್ರಿ. ಕಂಬ ತಲೆಯ ಹಿಂದಿನಿಂದ ಪೂರ್ತಿ ಹೊರಗೆ ಬಂದು, ಕಿವಿಗೂ ಕಂಬಕ್ಕೂ ನಡುವೆ ಎರಡು ಡಿಗ್ರಿಯಷ್ಟು ಖಾಲಿ ಜಾಗ ಉಳಿಯುತ್ತದೆ. ಫೋಟೊ ತಿದ್ದುವ ಯಾವ ತಂತ್ರಾಂಶವೂ ಇಷ್ಟು ಸುಲಭವಾಗಿ, ಇಷ್ಟು ಸಹಜವಾಗಿ ಈ ಕೆಲಸ ಮಾಡಿಕೊಡಲಾರದು. ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ವ್ಯಕ್ತಿ ನಿಮಗೆ ಹತ್ತಿರವಿದ್ದಷ್ಟೂ ಅರ್ಧ ಹೆಜ್ಜೆಗೆ ಬಲ ಹೆಚ್ಚು. ದೂರದಲ್ಲಿ ನಿಂತು ಜೂಮ್ ಎಳೆದು ತೆಗೆಯುವವರು ಹಿನ್ನೆಲೆಯನ್ನು ಸರಿಸಬೇಕಾದರೆ ಎಷ್ಟೋ ಹೆಜ್ಜೆ ನಡೆಯಬೇಕಾಗುತ್ತದೆ.

ಎಡ ಬಲಕ್ಕೆ ಸರಿಯುವುದನ್ನು ಬೇಗ ಕಲಿಯುವ ಜನ ಮೇಲೆ ಕೆಳಗೆ ಸರಿಯುವುದನ್ನು ಮರೆಯುತ್ತಾರೆ. ಇಲ್ಲಿ ರೇಖಾಗಣಿತದ ಒಂದು ಸೊಗಸಾದ ಸತ್ಯವಿದೆ. ಸಮತಟ್ಟಾದ ನೆಲದ ಮೇಲೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿರುವ ಎಲ್ಲ ಬಿಂದುಗಳೂ, ಅವು ಎಷ್ಟೇ ದೂರದಲ್ಲಿರಲಿ, ಚಿತ್ರದಲ್ಲಿ ಕ್ಷಿತಿಜದ ಗೆರೆಯ ಮೇಲೆಯೇ ಬಂದು ಕೂರುತ್ತವೆ. ನಾವು ನಿಂತು ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯುತ್ತೇವೆ, ಅಂದರೆ ಸುಮಾರು ಒಂದೂವರೆ ಮೀಟರ್. ಬೀದಿಯಲ್ಲಿ ನಿಂತವರ, ನಡೆಯುವವರ ಮುಖಗಳೂ ಹೆಚ್ಚುಕಡಿಮೆ ಅದೇ ಎತ್ತರ. ಹಾಗಾಗಿ ಎರಡು ಮೀಟರ್ ದೂರದವನ ಮುಖ, ಐದು ಮೀಟರಿನವಳ ಮುಖ, ಇಪ್ಪತ್ತು ಮೀಟರಿನವರ ಮುಖಗಳು ಎಲ್ಲವೂ ಒಂದೇ ಗೆರೆಯ ಮೇಲೆ ಒತ್ತೊತ್ತಾಗಿ ಸೇರಿ ಒಂದನ್ನೊಂದು ಮುಚ್ಚುತ್ತವೆ. ಸಂತೆಯ ಚಿತ್ರಗಳು ತಲೆಗಳ ಮುದ್ದೆಯಾಗುವುದಕ್ಕೆ ಕಾರಣ ಜನಸಂದಣಿ ಒಂದೇ ಅಲ್ಲ, ಕ್ಯಾಮೆರಾದ ಎತ್ತರವೂ ಹೌದು.

ಈಗ ಮೊಣಕಾಲೂರಿ ಕ್ಯಾಮೆರಾವನ್ನು ಮುಕ್ಕಾಲು ಮೀಟರಿಗೆ ಇಳಿಸಿ. ಕ್ಷಿತಿಜದ ಗೆರೆ ಜನರ ಸೊಂಟದ ಹತ್ತಿರ ಹಾಯುತ್ತದೆ. ಎರಡು ಮೀಟರ್ ದೂರದಲ್ಲಿ ನಿಂತವನ ನೆತ್ತಿ ಆ ಗೆರೆಯಿಂದ ಇಪ್ಪತ್ತಮೂರು ಡಿಗ್ರಿ ಮೇಲಕ್ಕೆ ಏರುತ್ತದೆ. ಹತ್ತು ಮೀಟರ್ ದೂರದವನ ನೆತ್ತಿ ಐದು ಡಿಗ್ರಿಯಷ್ಟೇ. ಮುಂದಿನವನ ಮುಖದ ಹಿಂದೆ ಈಗ ಯಾರ ಮುಖವೂ ಇಲ್ಲ. ಗೋಡೆಯೋ ಆಕಾಶವೋ ಇದೆ.

ಕೂತವರ ವಿಷಯದಲ್ಲಿ ಇದು ತಿರುಗುಮುರುಗು. ಹೂವಿನವಳ ಮುಖ ಇರುವುದೇ ಮುಕ್ಕಾಲು ಮೀಟರ್ ಎತ್ತರದಲ್ಲಿ. ಆಕೆಯ ಮಟ್ಟಕ್ಕೆ ಇಳಿದರೆ ಮುಖದ ಹಿಂದೆ ಪಂಚೆ, ಪ್ಯಾಂಟು, ಕೈಚೀಲ, ಸ್ಕೂಟರಿನ ಸೀಟುಗಳ ಸಾಲು. ಬದಲಿಗೆ ಒಂದೂವರೆ ಮೀಟರ್ ದೂರದಲ್ಲಿ ನಿಂತೇ ಕೆಳಗೆ ನೋಡಿ. ನಿಮ್ಮ ಕಣ್ಣಿನಿಂದ ಆಕೆಯ ಮುಖದ ಮೂಲಕ ಹಾಯುವ ಗೆರೆ ಆಕೆಯ ಹಿಂದೆ ಇನ್ನೂ ಒಂದೂವರೆ ಮೀಟರಿಗೆ ನೆಲ ಮುಟ್ಟುತ್ತದೆ. ಅಲ್ಲಿ ಗೋಣಿಚೀಲವೋ ಚೆಂಡುಹೂವಿನ ಗುಡ್ಡೆಯೋ ಇದ್ದರೆ ಅದೇ ಆಕೆಯ ಮುಖಕ್ಕೆ ಹಿನ್ನೆಲೆ. ಕೂತವರನ್ನು ಮೇಲಿನಿಂದ ತೆಗೆದರೆ ಅವರನ್ನು ಕೀಳಾಗಿ ಕಾಣಿಸಿದಂತಾಗುತ್ತದೆ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ. ಆಕೆ ಕತ್ತೆತ್ತಿ ಮಾತಾಡುವ ಗಳಿಗೆಗೆ ಕಾದರೆ ಆ ದೋಷ ಬಹಳ ಮಟ್ಟಿಗೆ ಕಳೆಯುತ್ತದೆ.

ಮಾರ್ಕೆಟ್ಟಿನ ಮೇಲಂತಸ್ತಿಗೆ ಹತ್ತಿ ಹೂವಿನ ವ್ಯಾಪಾರವನ್ನು ಕೆಳಗಡೆ ನೋಡುತ್ತ ಫೋಟೊ ತೆಗೆಯುವುದು ಬೆಂಗಳೂರಿನ ಛಾಯಾಗ್ರಾಹಕರಿಗೆ ಹಳೆಯ ಅಭ್ಯಾಸ. ಅದು ಏಕೆ ಅಷ್ಟು ಚೆನ್ನಾಗಿ ಒದಗುತ್ತದೆಂಬುದಕ್ಕೆ ಉತ್ತರವೂ ಇದೇ. ಅಲ್ಲಿಂದ ನೋಡಿದಾಗ ಫ್ರೇಮಿನಲ್ಲಿ ಕ್ಷಿತಿಜವೇ ಇರುವುದಿಲ್ಲ. ಪ್ರತಿಯೊಬ್ಬರ ಹಿನ್ನೆಲೆಯೂ ಅವರವರ ಕಾಲಕೆಳಗಿನ ನೆಲವೇ. ಹಳದಿ, ಕೆಂಪು, ಬಿಳಿ ರಾಶಿಗಳ ನಡುವೆ ಒಬ್ಬೊಬ್ಬರೂ ಬಿಡಿಬಿಡಿಯಾಗಿ ಕಾಣುತ್ತಾರೆ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋಂ 1932ರಲ್ಲಿ ಇಯೇರ್ ಊರಿನಲ್ಲಿ ತೆಗೆದ ಪ್ರಸಿದ್ಧ ಚಿತ್ರವೂ ಇಂಥದೇ ಮೇಲಿನ ನೋಟ. ಸುರುಳಿಯಾಗಿ ಇಳಿಯುವ ಮೆಟ್ಟಿಲು, ಅದರ ಕಬ್ಬಿಣದ ಕಟಕಟೆ, ಕೆಳಗೆ ಬಾಗಿದ ಬೀದಿ. ಆ ಬೀದಿಯಲ್ಲಿ ಒಬ್ಬ ಸೈಕಲ್ ಸವಾರ ಮಸುಕಾಗಿ ಹಾದುಹೋಗುತ್ತಿದ್ದಾನೆ. ಅವನನ್ನು ಯಾವುದೂ ಮುಟ್ಟಿಲ್ಲ. ಸುತ್ತ ಬರಿಯ ಕಲ್ಲುಹಾಸಿನ ನೆಲ. ಅದಕ್ಕೇ ಅಷ್ಟು ಚಿಕ್ಕ, ಅಷ್ಟು ಮಸುಕಾದ ಆಕೃತಿ ಇಡೀ ಚಿತ್ರವನ್ನು ಹಿಡಿದು ನಿಲ್ಲಿಸಿದೆ. ಕಾರ್ತಿಯೇ-ಬ್ರೆಸೋಂ ಎಂದರೆ ಜನ ಸರಿಯಾದ ಕ್ಷಣದ ಬಗ್ಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಪಾಠ ಸರಿಯಾದ ಜಾಗದ್ದು. ಅವರು ಮೊದಲು ಆಂದ್ರೆ ಲೋತ್ ಎಂಬ ಚಿತ್ರಕಲಾವಿದರ ಬಳಿ ಕಲಿತವರು. ಮೆಟ್ಟಿಲು ಮತ್ತು ಬೀದಿಯ ಗೆರೆಗಳು ಹೊಂದಿದ ಜಾಗ ಸಿಕ್ಕಿದ ಮೇಲೆ, ಅದರೊಳಗೆ ಹಾದುಬರುವವರು ಯಾರಾದರೂ ಬಂದೇ ಬರುತ್ತಾರೆ.

ಜಾಗದ ನಂತರ ಬೆಳಕು. ಮಾರ್ಕೆಟ್ಟಿನ ಸುತ್ತಲ ಓಣಿಗಳಲ್ಲಿ ಎಂಟು ಗಂಟೆಯ ಹೊತ್ತಿಗೆ ಟಾರ್ಪಾಲುಗಳ ಸಂದಿಯಿಂದ ಬಿಸಿಲಿನ ಪಟ್ಟಿಗಳು ಇಳಿಯುತ್ತವೆ. ಬಿಸಿಲಿಗೂ ಪಕ್ಕದ ತೆರೆದ ನೆರಳಿಗೂ ಮೂರು ಸ್ಟಾಪ್ ವ್ಯತ್ಯಾಸವೆಂದರೆ, ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟಾಗುವುದರಿಂದ, ಎಂಟು ಪಟ್ಟು. ಟಾರ್ಪಾಲಿನ ಒಳಗಿನ ಗಾಢ ನೆರಳಾದರೆ ಐದು ಸ್ಟಾಪ್, ಅಂದರೆ ಮೂವತ್ತೆರಡು ಪಟ್ಟು. ಕಣ್ಣು ಈ ಅಂತರವನ್ನು ಕ್ಷಣಕ್ಷಣಕ್ಕೂ ಸರಿದೂಗಿಸಿಕೊಳ್ಳುವುದರಿಂದ ನಮಗೆ ನೆರಳಿನಲ್ಲಿ ಬಿದ್ದಿರುವ ಡಬ್ಬಿ, ಹಗ್ಗ, ಕಸ ಎಲ್ಲವೂ ಕಾಣುತ್ತಿರುತ್ತವೆ. ಕ್ಯಾಮೆರಾಕ್ಕೆ ಬಿಸಿಲಿನ ಅಳತೆ ಕೊಟ್ಟರೆ ಆ ನೆರಳೆಲ್ಲ ಕಪ್ಪಿಗೆ ಇಳಿಯುತ್ತದೆ. ಒಂದೇ ಏಟಿಗೆ ಫ್ರೇಮಿನ ಮುಕ್ಕಾಲು ಪಾಲು ಗಲಭೆ ಮಾಯ! ಉಳಿಯುವುದು ಬಿಸಿಲಿನ ಪಟ್ಟಿ ಮತ್ತು ಅದರೊಳಗೆ ಕಾಲಿಟ್ಟ ಮನುಷ್ಯ. ಮೂಟೆ ಹೊತ್ತವನ ಭುಜ, ಒಂದು ಕೆನ್ನೆ, ಬೆವರಿನ ಹೊಳಪು.

ಅಂಥ ಚಿತ್ರದಲ್ಲಿ ಕಣ್ಣು ನೆಟ್ಟಗೆ ಬೆಳಕಿನ ಅಂಚಿಗೆ ಹೋಗುತ್ತದೆ. ಅದಕ್ಕೂ ದೇಹರಚನೆಯಲ್ಲಿಯೇ ಕಾರಣವಿದೆ. ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಲಿಮುಲಸ್ ಎಂಬ ಸಮುದ್ರಜೀವಿಯ ಕಣ್ಣಿನ ನರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬೆಳಕು ಬಿದ್ದ ಘಟಕವೊಂದು ತನ್ನ ಅಕ್ಕಪಕ್ಕದ ಘಟಕಗಳ ಸಂಕೇತವನ್ನು ತಗ್ಗಿಸುತ್ತದೆ ಎಂದು ತೋರಿಸಿದರು. ದೃಷ್ಟಿಯ ಕುರಿತ ಅವರ ಸಂಶೋಧನೆಗೆ 1967ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ನೆರೆಯವರನ್ನು ಹೀಗೆ ತಗ್ಗಿಸುವುದರ ಪರಿಣಾಮವಾಗಿ, ಒಂದೇ ಸಮನಾದ ಬೆಳಕಿಗಿಂತ ಬೆಳಕೂ ಕತ್ತಲೂ ಕೂಡುವ ಅಂಚು ನರಮಂಡಲದಲ್ಲಿ ಹೆಚ್ಚು ಗಟ್ಟಿಯಾದ ಸಂಕೇತ ಕೊಡುತ್ತದೆ. ಚಿತ್ರದಲ್ಲಿ ಅತಿ ಬೆಳಕಿನದು ಅತಿ ಕಪ್ಪಿನದನ್ನು ಕೂಡುವ ಜಾಗಕ್ಕೆ ನೋಡುಗನ ಕಣ್ಣು ಮೊದಲು ಹೋಗುವ ಸಾಧ್ಯತೆ ಹೆಚ್ಚು. ಆ ಜಾಗದಲ್ಲಿ ನಿಮ್ಮ ವ್ಯಕ್ತಿ ಇರಬೇಕು. ಖಾಲಿ ಪ್ಲಾಸ್ಟಿಕ್ ಕವರು ಇದ್ದರೆ ಕಣ್ಣು ಕವರಿಗೇ ಹೋಗುತ್ತದೆ.

ಮೊಬೈಲಿನಲ್ಲಿ ತೆಗೆಯುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಈಗಿನ ಫೋನುಗಳು ಒಂದು ಸಲ ಒತ್ತಿದರೆ ಬೇರೆ ಬೇರೆ ಎಕ್ಸ್‌ಪೋಶರಿನ ಹಲವು ಚಿತ್ರಗಳನ್ನು ಹಿಡಿದು ಬೆರೆಸುತ್ತವೆ. ನೆರಳಿನ ವಿವರಗಳನ್ನು ಎತ್ತಿ ತೋರಿಸುವುದೇ ಅವುಗಳ ಉದ್ದೇಶ. ನಾವು ಕತ್ತಲಲ್ಲಿ ಅಡಗಿಸಲು ಬಯಸಿದ ಕಸವನ್ನೆಲ್ಲ ಅವು ಹೊರಗೆ ತಂದು ಹರಡುತ್ತವೆ. ಎಚ್‌ಡಿಆರ್ ಎನ್ನುವ ಈ ಬೆರಕೆಯನ್ನು ನಿಲ್ಲಿಸಲು ಬರುವ ಫೋನಾದರೆ ನಿಲ್ಲಿಸಿ. ಇಲ್ಲವಾದರೆ ಪರದೆಯಲ್ಲಿ ಬಿಸಿಲು ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ, ನೆರಳು ಕಪ್ಪಾಗುವವರೆಗೆ.

ಬೆಳಕು ಒದಗದ ಕಡೆ ಕಾಲವನ್ನೇ ಬಳಸಬಹುದು. ರಘು ರಾಯ್ 1995ರಲ್ಲಿ ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದಲ್ಲಿ ತೆಗೆದ ಚಿತ್ರವನ್ನು ನೋಡಿದವರು ಮರೆಯುವುದು ಕಷ್ಟ. ಪ್ಲಾಟ್‌ಫಾರ್ಮಿನ ತುಂಬ ಜನ ಹರಿದು ಮಸುಕಾಗಿದ್ದಾರೆ. ಪತ್ರಿಕೆ ಓದುತ್ತ ಕದಲದೆ ಉಳಿದವರು ಮಾತ್ರ ಸ್ಪಷ್ಟ. ಇದರ ಲೆಕ್ಕ ಸರಳ. ಮನುಷ್ಯ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 1.4 ಮೀಟರ್ ನಡೆಯುತ್ತಾನೆ. ಶಟರ್ 1/250 ಸೆಕೆಂಡ್ ತೆರೆದರೆ ಆ ಹೊತ್ತಿನಲ್ಲಿ ಅವನು ಸರಿಯುವುದು ಆರು ಮಿಲಿಮೀಟರ್ ಕೂಡ ಇಲ್ಲ, ಎಲ್ಲರೂ ಸ್ಪಷ್ಟ. 1/15ಕ್ಕೆ ಒಂಬತ್ತು ಸೆಂಟಿಮೀಟರ್, ಮುಖದ ಗುರುತು ಅಳಿಯಲು ತೊಡಗುತ್ತದೆ. ಅರ್ಧ ಸೆಕೆಂಡಿಗೆ ಎಪ್ಪತ್ತು ಸೆಂಟಿಮೀಟರ್, ನಡೆಯುವವರು ಹೊಗೆಯಾಗುತ್ತಾರೆ. ಸಾವಿರ ಜನರ ನಡುವೆ ಒಬ್ಬನನ್ನು ಆರಿಸಲು ಅವನು ನಿಂತಿದ್ದರೆ ಸಾಕು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಸಂಜೆ ಆರರ ಮೇಲೆ ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದು, ಬಸ್ಸಿಗೆ ಕಾಯುತ್ತ ನಿಂತವರನ್ನು ಅರ್ಧ ಸೆಕೆಂಡಿನಲ್ಲಿ ಹಿಡಿದು ನೋಡಿ. ಹತ್ತರಲ್ಲಿ ಎಂಟು ಕೈ ಅಲುಗಿ ಹಾಳಾಗುತ್ತವೆ. ಉಳಿದವು ಬೇರೆ ಯಾವ ದಾರಿಯಿಂದಲೂ ಸಿಗದ ಚಿತ್ರಗಳು.

ಲೆನ್ಸಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 35 ಮಿಲಿಮೀಟರ್ ಲೆನ್ಸಿಗೆ ಅಪರ್ಚರ್ ಎಫ್/8 ಇಟ್ಟು ಎರಡೂವರೆ ಮೀಟರಿಗೆ ಫೋಕಸ್ ಕಟ್ಟಿಬಿಟ್ಟರೆ ಸುಮಾರು 1.7 ಮೀಟರಿನಿಂದ 4.9 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಫೋಕಸಿನ ಚಿಂತೆ ಹೋದರೆ ಗಮನವನ್ನೆಲ್ಲ ಜಾಗಕ್ಕೂ ಜನಕ್ಕೂ ಕೊಡಬಹುದು. ಒಂದೇ ಲೆನ್ಸನ್ನು ತಿಂಗಳುಗಟ್ಟಲೆ ಬಳಸಿದವರಿಗೆ ಕ್ಯಾಮೆರಾ ಎತ್ತುವ ಮೊದಲೇ ಫ್ರೇಮಿನ ಅಂಚು ಎಲ್ಲಿ ಬೀಳುತ್ತದೆಂಬುದು ಅಂದಾಜಾಗುತ್ತದೆ. ಇನ್ನು ಫ್ರೇಮನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡಿ ಗೆರೆಗಳು ಕೂಡುವಲ್ಲಿ ವ್ಯಕ್ತಿಯನ್ನು ಇಡಬೇಕೆಂಬ ನಿಯಮ. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಗ್ರಾಮೀಣ ದೃಶ್ಯಗಳ ಚಿತ್ರಣದ ಬಗ್ಗೆ ಬರೆಯುತ್ತ ಇದಕ್ಕೆ ಹೆಸರು ಕೊಟ್ಟ. ಭೂದೃಶ್ಯಕ್ಕೆ ಅದು ಒಗ್ಗುತ್ತದೆ. ಆದರೆ ಕಣ್ಣಿನ ಚಲನೆಯನ್ನು ಅಳೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವುದು ನೋಡುಗರ ಕಣ್ಣು ಚಿತ್ರದ ನಡುವಿನಿಂದ ಶುರುವಾಗುವ ಒಲವು. ಬೀದಿಯಲ್ಲಿ ವ್ಯಕ್ತಿ ಫ್ರೇಮಿನ ನಡುವೆಯೇ ಇದ್ದರೂ ಸುತ್ತ ತೆರಪಿದ್ದರೆ ಚಿತ್ರ ನಿಲ್ಲುತ್ತದೆ. ಮೂರನೇ ಒಂದು ಪಾಲಿನ ಗೆರೆಯ ಮೇಲಿದ್ದೂ ತಲೆಗೆ ಕಂಬ ತಾಗಿದ್ದರೆ ನಿಲ್ಲುವುದಿಲ್ಲ.

ತೆರಪಿನ ಮಾತು ಬಂತು. 1970ರಲ್ಲಿ ನೆದರ್ಲೆಂಡ್ಸಿನ ಹೆರ್ಮನ್ ಬೌಮಾ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ನೋಟದ ಅಂಚಿನಲ್ಲಿ ಒಂದೇ ಅಕ್ಷರ ತೋರಿಸಿದರೆ ಗುರುತು ಹಿಡಿಯುತ್ತೇವೆ. ಅದರ ಅಕ್ಕಪಕ್ಕ ಬೇರೆ ಅಕ್ಷರಗಳಿದ್ದರೆ, ಗಾತ್ರ ಅಷ್ಟೇ ಇದ್ದರೂ ಗುರುತು ಸಿಗುವುದಿಲ್ಲ. ದೃಷ್ಟಿ ನೆಟ್ಟ ಬಿಂದುವಿನಿಂದ ಅಕ್ಷರ ಎಷ್ಟು ದೂರವಿದೆಯೋ ಅದರ ಸುಮಾರು ಅರ್ಧದಷ್ಟು ಜಾಗ ಅದರ ಸುತ್ತ ಬಿಡುವಾಗಿರಬೇಕು. ನೋಡುಗ ನಿಮ್ಮ ಚಿತ್ರವನ್ನು ಕಾಣುವುದೂ ಹೀಗೆಯೇ. ಒಂದು ಮುಖದ ಮೇಲೆ ಕಣ್ಣು ನೆಟ್ಟಿರುವಾಗ ಉಳಿದದ್ದೆಲ್ಲ ಅಂಚಿನ ನೋಟಕ್ಕೆ ಬಿಟ್ಟದ್ದು. ಅಲ್ಲಿ ಆಕೃತಿಗಳ ನಡುವೆ ಬಿಡುವಿದ್ದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ಕಣ್ಣಿಗೆ ತಿಳಿಯುತ್ತದೆ. ಒಂದಕ್ಕೊಂದು ಅಂಟಿದ್ದರೆ ಅವು ಬರಿಯ ಗಲಿಬಿಲಿಯಾಗಿ ಉಳಿಯುತ್ತವೆ.

ಮುಖಗಳ ಸೆಳೆತವಂತೂ ಬಲವಾದದ್ದು. ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇಲ್ಯಾ ರೆಪಿನ್ ಎಂಬ ಚಿತ್ರಕಾರನ ಒಂದು ಚಿತ್ರವನ್ನು ಜನರಿಗೆ ತೋರಿಸಿ ಅವರ ಕಣ್ಣು ಸಾಗಿದ ದಾರಿಯನ್ನು ದಾಖಲಿಸಿದರು. ಬಹುಕಾಲದ ನಂತರ ಅನಿರೀಕ್ಷಿತವಾಗಿ ಮನೆಗೆ ಮರಳಿದ ಮನುಷ್ಯ, ಬೆರಗಾದ ಮನೆಮಂದಿ, ಇದು ಆ ಚಿತ್ರದ ವಸ್ತು. ಇಲ್ಲಿರುವವರ ವಯಸ್ಸು ಹೇಳಿ ಎಂದಾಗ ಕಣ್ಣು ಮುಖದಿಂದ ಮುಖಕ್ಕೆ ನೆಗೆಯಿತು. ಈ ಮನೆಯವರ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆಬರೆ, ಮೇಜು ಕುರ್ಚಿಗಳ ಮೇಲೆ ಅಲೆಯಿತು. 1967ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕದಲ್ಲಿ ಆ ದಾರಿಗಳ ನಕ್ಷೆಗಳಿವೆ. ಬೀದಿಯ ಚಿತ್ರ ತೆಗೆಯುವವರಿಗೆ ಇದರಿಂದ ಎರಡು ಉಪಯೋಗ. ಹಿನ್ನೆಲೆಯ ಪೋಸ್ಟರಿನಲ್ಲಿ ಸಿನಿಮಾ ನಟನ ಮುಖವಿದ್ದರೆ ಅದು ನಿಮ್ಮ ವ್ಯಕ್ತಿಯ ಜೊತೆ ಪೈಪೋಟಿಗೆ ನಿಲ್ಲುತ್ತದೆ, ಅಂಗಡಿಯ ಬೋರ್ಡಿನ ಅಕ್ಷರಗಳೂ ಹಾಗೆಯೇ. ಅವು ಬೇಕೆಂದೇ ಇಟ್ಟದ್ದಾದರೆ ಸರಿ, ಇಲ್ಲವಾದರೆ ಅರ್ಧ ಹೆಜ್ಜೆ. ಎರಡನೆಯದಾಗಿ, ನೋಡುಗನ ಮನಸ್ಸಿನಲ್ಲಿ ಯಾವ ಪ್ರಶ್ನೆ ಏಳಬೇಕೆಂಬುದು ನಿಮಗೇ ಗೊತ್ತಿರಬೇಕು. ಕೈಯ ಚಿತ್ರವೋ, ಮುಖದ ಚಿತ್ರವೋ, ಇಬ್ಬರ ನಡುವಿನ ಚೌಕಾಸಿಯ ಚಿತ್ರವೋ? ಅದು ನಿಶ್ಚಯವಾದರೆ ಯಾವುದನ್ನು ಬಿಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೈಸೂರಿನವರಾದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತಮ್ಮ ಜೀವಮಾನವಿಡೀ ಸಾಮಾನ್ಯ ಜನರನ್ನು ಚಿತ್ರಿಸಿದರು. ಅವರ ಚಿತ್ರಗಳಲ್ಲಿ ಯಾವ ಪ್ರಶ್ನೆ ಎಂಬ ಅನುಮಾನ ಎಂದೂ ಬರುವುದಿಲ್ಲ. ಆಡುವ ಮಗು, ಓದುವ ಮಗು, ದುಡಿಯುವ ಹೆಂಗಸು, ಅವರಷ್ಟೇ. ಜನರ ಹತ್ತಿರಕ್ಕೆ ಹೋಗುವವರಿಗೆ ಅವರೊಡನೆ ಮಾತೂ ಬರಬೇಕು. ಮಾರ್ಕೆಟ್ಟಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, "ಅಕ್ಕಾ, ನೀವು ಹೂ ಕಟ್ಟೋದು ಒಂದು ಫೋಟೊ ತೆಗೀಲಾ?" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಬೇಡ ಎಂದರೆ ಕ್ಯಾಮೆರಾ ಇಳಿಸಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಏಳುವುದು ನ್ಯಾಯ. ಎಲ್ಲವನ್ನೂ ತೆಗೆದು ಒಬ್ಬರನ್ನೇ ಉಳಿಸಿದರೆ ನಮ್ಮ ಬೀದಿಯ ತುಂಬು ಸಂಭ್ರಮ ಎಲ್ಲಿ ಹೋಯಿತು? ಇದಕ್ಕೆ ರಘುಬೀರ್ ಸಿಂಗ್ ಅವರ ಬಣ್ಣದ ಛಾಯಾಚಿತ್ರಗಳನ್ನು ನೋಡಬೇಕು. ಜೈಪುರದಲ್ಲಿ 1942ರಲ್ಲಿ ಹುಟ್ಟಿದ ಅವರು ಭಾರತದ ಬೀದಿಗಳನ್ನು ಅವುಗಳ ಎಲ್ಲ ಬಣ್ಣ, ಎಲ್ಲ ಜನದೊಂದಿಗೆ ತೆಗೆದರು. ಹೌರಾದಲ್ಲಿ 1991ರಲ್ಲಿ ತೆಗೆದ ಚಿತ್ರದಲ್ಲಿ ಫುಟ್‌ಪಾತಿನ ಕನ್ನಡಿ ಅಂಗಡಿಯಿದೆ. ಒಂದೊಂದು ಕನ್ನಡಿಯಲ್ಲೂ ಬೀದಿಯ ಒಂದೊಂದು ತುಣುಕು. ಜನ ಬಹಳ, ಗೊಂದಲ ಇಲ್ಲ, ಏಕೆಂದರೆ ಪ್ರತಿಯೊಂದು ತುಣುಕಿಗೂ ತನ್ನದೇ ಚೌಕಟ್ಟಿದೆ. ಅಂಬಾಸಿಡರ್ ಕಾರನ್ನೇ ಇಟ್ಟುಕೊಂಡು ಅವರು ಮಾಡಿದ ಚಿತ್ರಮಾಲೆಯಲ್ಲೂ ಇದೇ ಉಪಾಯ. ಕಾರಿನ ಬಾಗಿಲು, ಕಿಟಕಿ, ಮುಂಗಾಜು, ಕನ್ನಡಿಗಳು ಹೊರಗಿನ ದೇಶವನ್ನು ಕೋಣೆ ಕೋಣೆಯಾಗಿ ವಿಂಗಡಿಸುತ್ತವೆ. ಅವರು 1999ರಲ್ಲಿ ತೀರಿಕೊಂಡರು. ಆ ಚಿತ್ರಗಳು 2002ರಲ್ಲಿ ಪುಸ್ತಕವಾಗಿ ಬಂದವು. ಈ ದಾರಿಯಲ್ಲಿ ಹೋಗಬಯಸುವವರು ಮೊದಲು ಒಬ್ಬರನ್ನು ಬಿಡಿಸಿ ನಿಲ್ಲಿಸುವುದನ್ನು ಕಲಿತು, ಆಮೇಲೆ ಇಬ್ಬರು, ಆಮೇಲೆ ಮೂವರು ಎಂದು ಹೆಚ್ಚಿಸಿಕೊಳ್ಳಬಹುದು. ಆಟೋದ ಪಕ್ಕದ ತೆರಪು, ಬಸ್ಸಿನ ಕಿಟಕಿ, ಸಲೂನಿನ ಎದುರುಬದುರು ಕನ್ನಡಿಗಳು, ಹಳೆಯ ಮಾರ್ಕೆಟ್ಟುಗಳ ಕಮಾನುಗಳು ಅದಕ್ಕೆ ಒದಗಿಬರುವ ಚೌಕಟ್ಟುಗಳು.